ರೇಡಿಯೊದ ತುಟಿಯಲ್ಲಿ ಐದು ಹಲ್ಲು

ಅವಳಿಗೆ ಹೊಳಪಿ ಎಂಬ ಅಡ್ಡಹೆಸರು ಬಂದದ್ದು ಏಳನೆಯ ವಯಸ್ಸಿನಲ್ಲಿ, ಸೋದರಮಾವನ ಬೂಟುಗಳ ಮೇಲೆ ಪಾಲಿಶ್ ಹಾಕಿದ್ದು ಸಾಲದೆ ಅಡಿಗೂ ಹಾಕಿದ ದಿನ. ಮಾವ ಅವನ್ನು ಮೆಟ್ಟಿ ಹೊಸಿಲು ದಾಟಿದ್ದನ್ನು ಎಲ್ಲರೂ ನೋಡಿದರು. ನಡುವೆ ಏನಾಯಿತೋ ಯಾರೂ ನೋಡಲಿಲ್ಲ, ಮರುಕ್ಷಣ ಅವರು ಬೀದಿಯಲ್ಲಿ ಕೂತಿದ್ದರು. ಇಪ್ಪತ್ತು ವರ್ಷ ಕಳೆದರೂ ಅವಳ ಕೈಚಾಳಿ ಹೋಗಿರಲಿಲ್ಲ. ಮಂಕಾದದ್ದು ಏನು ಕಂಡರೂ ಬೆರಳು ತುರಿಸುತ್ತಿತ್ತು. ಮಾವ ಅವಳನ್ನು ತಮ್ಮ ಅಂಗಡಿಗೆ ಸೇರಿಸಿಕೊಂಡದ್ದು ಅದಕ್ಕೇ. ನಾಲ್ಕು ವರ್ಷವಾದರೂ ಒಂದು ಪೆಟ್ಟಿಗೆಯನ್ನೂ ಪೂರ್ತಿ ಅವಳ ಕೈಗೆ ಬಿಡದೆ ಇದ್ದದ್ದೂ ಅದಕ್ಕೇ.

ಮಾವನ ಅಂಗಡಿಗೆ ಬರುತ್ತಿದ್ದದ್ದು ಹಳೆಯ ರೇಡಿಯೊಗಳ ಮರದ ಪೆಟ್ಟಿಗೆಗಳು. ಒಳಗಿನ ವಾಲ್ವು, ತಂತಿಗಳ ಗೊಡವೆ ಹಿಂದಿನ ಬೀದಿಯ ಮೆಕ್ಯಾನಿಕ್‌ನದು. ಮರ ಮಾತ್ರ ಇವರದು. ಎದ್ದುಬಂದ ಮೇಲ್ಪದರವನ್ನು ಅಂಟು ಹಾಕಿ ಕೂರಿಸುವುದು, ಸೀಳು ಮುಚ್ಚುವುದು, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನಲ್ಲಿ ಬಟ್ಟೆಯ ಉಂಡೆಯನ್ನು ಅದ್ದಿ ಸುತ್ತಿ ಸುತ್ತಿ ತೀಡುವುದು. ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ತುಂಬ ಆ ಸ್ಪಿರಿಟ್ ವಾಸನೆ; ಅಲ್ಲಿಗೆ ಬಂದವರೆಲ್ಲ ಕಾರಣವಿಲ್ಲದೆ ಸ್ವಲ್ಪ ಹೆಚ್ಚೇ ಖುಷಿಯಾಗಿರುತ್ತಿದ್ದರು.

ಅಲ್ಲಿ ಮೂರು ಕಟ್ಟಳೆಗಳಿದ್ದವು. ಮೊದಲನೆಯದು, ಪೆಟ್ಟಿಗೆ ಬಂದ ಕೂಡಲೇ ಪ್ರತಿಯೊಂದು ಗಾಯದ ಸುತ್ತ ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಎಳೆದು, ಇದು ಇರಲೋ ಹೋಗಲೋ ಎಂದು ಒಂದೊಂದಾಗಿ ಕೇಳಬೇಕು. ಎರಡನೆಯದು, ತುಂಬಿದ್ದನ್ನು ಮುಂದೊಂದು ದಿನ ತೆಗೆಯುವಂತಿರಬೇಕು. ಹಾಗಾಗಿ ಕಲ್ಲಿನಂತೆ ಗಟ್ಟಿಯಾಗುವ ಟ್ಯೂಬಿನ ಪುಟ್ಟಿಗೆ ಅಂಗಡಿಯಲ್ಲಿ ಪ್ರವೇಶವಿರಲಿಲ್ಲ. ಮೂರನೆಯದು, ಕೆಲಸ ಮುಗಿದು ಗಿರಾಕಿ ಒಪ್ಪಿದ ಮೇಲೆ, ಕೆಲಸ ಮಾಡಿದವರು ಪೆಟ್ಟಿಗೆಯ ಒಳಗೆ, ಯಾರಿಗೂ ಕಾಣದ ಕಡೆ ಪೆನ್ಸಿಲ್‌ನಲ್ಲಿ ಹೆಸರು ಬರೆಯಬೇಕು. ಆ ಪೆನ್ಸಿಲ್ ಇರುತ್ತಿದ್ದದ್ದು ಮಾವನ ಬಲಗಿವಿಯ ಮೇಲೆ. ಊಟಕ್ಕೆ ಕೂತಾಗಲೂ ಅದು ಅಲ್ಲೇ. ಹೊಳಪಿಯ ಹೆಸರು ಇನ್ನೂ ಯಾವ ಪೆಟ್ಟಿಗೆಯೊಳಗೂ ಇರಲಿಲ್ಲ.

ಒಂದು ದಿನ ಹಲ್ಲಿನ ಡಾಕ್ಟರೊಬ್ಬರು ಮೊಲದ ಗೂಡಿನಷ್ಟು ದೊಡ್ಡ ರೇಡಿಯೊ ತಂದಿಳಿಸಿದರು. ಅದು ಅವರ ತಾಯಿಯದು. ತಾಯಿಗೆ ಎಂಬತ್ತು. ಹನ್ನೆರಡು ವರ್ಷದಿಂದ ಕಣ್ಣು ಮಂಜು. ಬೆಳಕು ಯಾವುದು ನೆರಳು ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತದೆ. ರೇಡಿಯೊ ಇಲ್ಲದೆ ಒಂದು ದಿನವೂ ಕಳೆದವರಲ್ಲ. ಮಾವ ಪೆಟ್ಟಿಗೆಯನ್ನು ಒಮ್ಮೆ ಸುತ್ತಿ ಬಂದು ಸೊಸೆಯನ್ನು ಪಕ್ಕಕ್ಕೆ ಕರೆದರು.

"ಇದು ನಿಂದು. ನಾನು ಮುಟ್ಟಲ್ಲ. ಅವರ ತಾಯಿ ಕೈಯಿಟ್ಟು 'ಹೌದು, ಇದೇ ನಂದು' ಅಂದ್ರೆ ಪೆನ್ಸಿಲ್ ನಿನ್ನ ಕೈಗೆ. ಅನ್ನಲಿಲ್ಲವೋ, ಇನ್ನೊಂದು ವರ್ಷ ಉಜ್ತಾ ಇರು."

ಹೊಳಪಿ ಆ ದಿನ ಸೀಮೆಸುಣ್ಣ ಹಿಡಿದದ್ದು ಕಿರೀಟ ಹಿಡಿದ ಹಾಗೆ. ಏಳು ಗಾಯ ಸಿಕ್ಕವು. ಮೇಲೆ ಬಿಸಿ ಲೋಟದ ಬಿಳಿ ಉಂಗುರ: ಇರಲಿ, ಅಪ್ಪನ ಲೋಟ ಎಂದರು ಡಾಕ್ಟರು. ಬಲಮೂಲೆಯಲ್ಲಿ ಸಿಗರೇಟು ಸುಟ್ಟ ಕಲೆ: ಅದೂ ಅಪ್ಪಂದೇ, ಇರಲಿ. ಪಕ್ಕದ ಸೀಳು ಮುಚ್ಚಿ, ಹಿಂದಿನ ಗೀರು ಮುಚ್ಚಿ. ಹೀಗೆ ಆರಾದವು. ಏಳನೆಯದು ಮುಂಭಾಗದ ಕೆಳಗೆ, ಬೆರಳಗಲ ಮುಂದೆ ಚಾಚಿಕೊಂಡಿದ್ದ ಅಂಚಿನಲ್ಲಿತ್ತು. ಅಂಗಡಿಯ ಭಾಷೆಯಲ್ಲಿ ಅದು ರೇಡಿಯೊದ ತುಟಿ. ಸ್ಟೇಷನ್ ಹಿಡಿಯುವ ತಿರುಪಿನ ಸರಿ ಕೆಳಗೆ ತುಟಿಯ ಮೇಲೆ ಸಾಲಾಗಿ ಕೆಲವು ಕುಳಿಗಳು, ಒಳಗೆ ಅರ್ಧ ಶತಮಾನದ ಕರಿ ಕೊಳೆ.

ಡಾಕ್ಟರು ಸೀಲಿಂಗ್ ಫ್ಯಾನ್ ನೋಡುತ್ತಾ ಹೇಳಿದರು. "ಅದನ್ನ ಮಾತ್ರ ಪೂರ್ತಿ ಮುಚ್ಚಿಬಿಡಿ. ಇತ್ತು ಅಂತಾನೇ ಗೊತ್ತಾಗಬಾರದು."

ಏನಾಗಿತ್ತು ಎಂದು ಹೊಳಪಿ ಕೇಳಿದಳು. ಇಲಿ ಕಡಿದದ್ದು ಎಂದರು. ಕೊಳೆ ಕೆರೆದು ತೆಗೆಯುವಾಗ, ಇಲಿಗೆ ಇಷ್ಟಗಲ ಬಾಯಿ ಇರುತ್ತದೆಯೇ ಎಂದು ಅವಳಿಗೊಮ್ಮೆ ಅನ್ನಿಸಿತು. ಆದರೆ ಗಿರಾಕಿಯೇ ಹೇಳಿದ ಮೇಲೆ ಇಲಿಯ ಪರವಾಗಿ ವಾದಿಸಲು ಇವಳಾರು? ಮುಚ್ಚು ಎಂದರೆ ಅವಳಿಗೆ ಹಬ್ಬ. ಕುಳಿಗಳಿಗೆ ತೆಳ್ಳಗೆ ಮೇಣ ಸವರಿದಳು, ಅರಗಿನ ಕಡ್ಡಿಯನ್ನು ಕಾಯಿಸಿ ಹನಿಹನಿಯಾಗಿ ತುಂಬಿದಳು, ಮಟ್ಟ ಮಾಡಿದಳು, ಮರದ ಎಳೆಗಳನ್ನು ಸಣ್ಣ ಕುಂಚದಲ್ಲಿ ಬರೆದಳು, ತೀಡಿದಳು. ಹನ್ನೊಂದನೆಯ ದಿನ ಆ ತುಟಿಯಲ್ಲಿ ಮಾವನ ಮೀಸೆ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಮಾವ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಚೂಪು ಮಾಡಿ ಮತ್ತೆ ಅಲ್ಲೇ ಇಟ್ಟುಕೊಂಡರು. ಹೊಳಪಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಶನಿವಾರ ಬೆಳಿಗ್ಗೆ ಮೂವರು ಬಂದರು. ಅಜ್ಜಿ ಮುಂದೆ, ಅವರ ತೋಳು ಹಿಡಿದು ಮಗಳು. ಈ ಮಗಳು ಶಾಲೆಯೊಂದರ ಹೆಡ್‌ಮೇಡಂ, ನಿವೃತ್ತಿಗೆ ಇನ್ನೆರಡು ವರ್ಷ. ಒಳಗೆ ಕಾಲಿಟ್ಟವರೇ ಅಂಗಡಿಯನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದರು. ಮಾವ ತಮಗರಿವಿಲ್ಲದೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಕೊನೆಗೆ ಡಾಕ್ಟರು, ಬಿಳಿ ಕೋಟಿನಲ್ಲೇ. ಒಬ್ಬರ ದವಡೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬಂದಿದ್ದೇನೆ, ಅದು ಹಿಡಿಯುವಷ್ಟರಲ್ಲಿ ಹೋಗಬೇಕು ಎಂದರು.

ರೇಡಿಯೊ ಮೇಜಿನ ಮೇಲೆ ಸಿದ್ಧವಾಗಿತ್ತು, ಪ್ಲಗ್ ಹಾಕಿ ಸದ್ದು ಪೂರ್ತಿ ಇಳಿಸಿತ್ತು. ಅಜ್ಜಿ ಸ್ಟೂಲಿನ ಮೇಲೆ ಕೂತು ಎರಡೂ ಕೈ ಮುಂದೆ ಚಾಚಿದರು. ಮೇಲಿನ ಉಂಗುರ ಸಿಕ್ಕಿತು. "ಹ್ಞೂಂ. ಅವರ ಲೋಟ." ಮೂಲೆಯ ಸುಟ್ಟ ಕಲೆ ಸಿಕ್ಕಿತು. "ಹ್ಞೂಂ. ಅವರ ಸಿಗರೇಟು." ಅಜ್ಜಿಯ ಹೆಬ್ಬೆರಳು ತುಟಿಗೆ ಇಳಿಯಿತು. ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಮತ್ತೆ ಎಡಕ್ಕೆ ಹೋಗಿ, ದಾರಿ ತಪ್ಪಿದಂತೆ ನಿಂತಿತು. ತೋರುಬೆರಳು ಅಂದಾಜಿನ ಮೇಲೆ ಮೇಲಕ್ಕೆ ಹೋಗಿ ಸಿಕ್ಕ ತಿರುಪನ್ನು ತಿರುಗಿಸಿತು. ಅದು ಸ್ಟೇಷನ್‌ನದಲ್ಲ, ಸದ್ದಿನದು.

ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದ ರೇಡಿಯೊ ಒಮ್ಮೆಗೇ ಹವಾಮಾನ ವರದಿಯನ್ನು ಬೀದಿಗೆಲ್ಲ ಅರಚಿತು. ಮಾವನ ಕೈಯ ಡಬ್ಬಿ ನೆಲಕ್ಕೆ ಬಿತ್ತು. ಹೆಡ್‌ಮೇಡಂ ರೂಢಿಯ ಬಲದಿಂದ "ಸದ್ದು" ಎಂದು ಗದರಿದರು. ಅಂಗಡಿಯಲ್ಲಿದ್ದವರೆಲ್ಲ ಸುಮ್ಮನಾದರು, ರೇಡಿಯೊ ಒಂದನ್ನು ಬಿಟ್ಟು. ಹೊಳಪಿ ಓಡಿಹೋಗಿ ಪ್ಲಗ್ ಕಿತ್ತಳು.

ಅಜ್ಜಿ ಕೈ ಮಡಿಲಲ್ಲಿಟ್ಟುಕೊಂಡು ಹೇಳಿದರು. "ಇದು ನನ್ನ ರೇಡಿಯೊ ಅಲ್ಲ."

ಮಾತಿಗೆ ಮಾತು ಬಂದು ವಿಷಯ ಹೊರಬಿತ್ತು. ತುಟಿಯ ಆ ಕುಳಿಗಳಲ್ಲಿ ಹೆಬ್ಬೆರಳು ಕೂರಿಸಿದರೆ ತೋರುಬೆರಳಿನ ತುದಿಗೆ ಸ್ಟೇಷನ್ನಿನ ತಿರುಪು ತಾನಾಗಿ ಸಿಗುತ್ತಿತ್ತು. ಹನ್ನೆರಡು ವರ್ಷದಿಂದ ಅಜ್ಜಿ ರೇಡಿಯೊ ಕೇಳಿದ್ದೇ ಹಾಗೆ. ಮತ್ತೆ ಅದು ಇಲಿ ಕಡಿದದ್ದಲ್ಲ. ಅಲ್ಲ ಎನ್ನುವಂತೆಯೂ ಇಲ್ಲ, ಯಾಕೆಂದರೆ ಮನೆಯಲ್ಲಿ ಇಲಿ ಎಂದರೆ ಡಾಕ್ಟರೇ. ಮೂರು ವರ್ಷದ ಮಗುವಾಗಿದ್ದಾಗ ಹೊಸ ರೇಡಿಯೊದ ಅಂಚು ಕಚ್ಚಿದ ಎಂದು ಬಂದ ಹೆಸರು. ಶಿಕ್ಷೆಯಾಗಿ ಒಂದು ತಿಂಗಳು ರೇಡಿಯೊ ಮುಂದೆ ಕೂರುವಂತಿರಲಿಲ್ಲ. ಮಕ್ಕಳ ಕತೆಗಳನ್ನೆಲ್ಲ ಬಾಗಿಲ ಹಿಂದೆ ನಿಂತು ಕೇಳಿದ್ದ. ಇವತ್ತಿಗೂ ಕ್ಲಿನಿಕ್ಕಿಗೆ ಫೋನ್ ಮಾಡಿ ಅಜ್ಜಿ ಕೇಳುವುದು, ಇಲಿ ಇದ್ದಾನಾ ಎಂದೇ.

ಮಾವ ಸೊಸೆಯ ಕಡೆ ತಿರುಗಿದರು. "ಗಾಯದ ವಿಚಾರ ಯಾರನ್ನ ಕೇಳ್ದೆ?"

"ಡಾಕ್ಟ್ರನ್ನ."

"ರೇಡಿಯೊ ಕೇಳೋರು ಯಾರು?"

ಹೊಳಪಿ ಒಂದು ಫೋನ್ ಮಾಡಿ ಅಜ್ಜಿಯನ್ನು ಕೇಳಬಹುದಿತ್ತು. ಮುಚ್ಚುವ ಆಸೆಗೆ ಬಿದ್ದು ಕೇಳಿರಲಿಲ್ಲ. ಮಾವ ಪೆನ್ಸಿಲ್ಲನ್ನು ಕಿವಿಯಿಂದ ತೆಗೆದು ಅಂಗಿಯ ಒಳಜೇಬಿಗೆ ಹಾಕಿಕೊಂಡದ್ದನ್ನು ನೋಡಿದಳು. ಆ ಜೇಬಿನವರೆಗೆ ಅದು ಹೋದದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ತಪ್ಪು ತನ್ನದು ಎಂದು ಡಾಕ್ಟರಿಗೆ ಅನ್ನಿಸಿತು. ಪರಿಹಾರವೂ ಹೊಳೆಯಿತು. "ಅದಕ್ಕೇನಂತೆ, ಇನ್ನೊಂದ್ಸಲ ಕಚ್ತೀನಿ" ಎಂದು ಕನ್ನಡಕ ತೆಗೆದಿಟ್ಟು ಬಾಗಿಯೇಬಿಟ್ಟರು. ಮಾವ ಅಡ್ಡ ಬಂದು ರೇಡಿಯೊವನ್ನು ತಬ್ಬಿಕೊಂಡರು. ಮೊದಲು ಬೇರೆ ಮರದಲ್ಲಿ ಕಚ್ಚಿ ತೋರಿಸಿ, ಆಮೇಲೆ ನೋಡೋಣ ಎಂದು ಒಂದು ಚೂರು ಹಲಗೆ ಕೊಟ್ಟರು. ಡಾಕ್ಟರು ಮನಸಾರೆ ಕಚ್ಚಿದರು. ಅಜ್ಜಿ ಹಲಗೆಯ ಮೇಲೆ ಬೆರಳಾಡಿಸಿ, ಇದು ಎತ್ತು ಕಚ್ಚಿದ ಹಾಗಿದೆ ಎಂದು ವಾಪಸು ಕೊಟ್ಟರು. ಇನ್ನಷ್ಟು ಮೆಲ್ಲಗೆ ಕಚ್ಚಲೇ ಎಂದು ಡಾಕ್ಟರು ಇನ್ನೊಂದು ಹಲಗೆ ಕೇಳಿದರು. ಆ ಹೊತ್ತಿಗೆ ಮಾವನಿಗೆ ಏನೋ ನೆನಪಾಯಿತು.

"ಹೊಳಪಿ. ಅದಕ್ಕೆ ಏನು ತುಂಬ್ದೆ?"

"ಅರಗು, ಮಾವ."

"ಕೆಳಗೆ ಮೇಣ ಸವರಿದ್ಯಾ?"

"ಸವರಿದ್ದೆ."

"ಮತ್ತೆ ಯಾಕೆ ನಿಂತಿದ್ದೀಯ? ಹೋಗು, ಮಂಜುಗಡ್ಡೆ ತಾ."

ಪಕ್ಕದ ಜ್ಯೂಸ್ ಅಂಗಡಿಗೆ ಅವಳು ಹೋದದ್ದೂ ಬಂದದ್ದೂ ಒಂದೇ ಉಸಿರಿನಲ್ಲಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಕಟ್ಟಿ ತುಟಿಯ ಮೇಲಿಟ್ಟಳು. ಬಿಸಿಗೆ ಮೆತ್ತಗಾಗುವ ಅರಗು ತಣ್ಣಗಾದರೆ ಸೆಟೆದು ಕುಗ್ಗುತ್ತದೆ; ಕೆಳಗೆ ಮೇಣವಿದ್ದರೆ ಮರವನ್ನು ಬಿಟ್ಟುಬಿಡುತ್ತದೆ. ಬಿಡಬೇಕು. ಹನ್ನೊಂದು ದಿನದ ಹೊಳಪು ತನ್ನ ಕೈಯಿಂದಲೇ ಹೋಗುವುದನ್ನು ನೋಡುತ್ತಾ ಅವಳು ನೂರರವರೆಗೆ ಎಣಿಸಿದಳು. ನಾಲ್ಕೂ ಜನ ಅವಳ ಜೊತೆ ಎಣಿಸುತ್ತಿದ್ದಾರೆಂದು ಗೊತ್ತಾದದ್ದು ಎಪ್ಪತ್ತರ ಹತ್ತಿರ. ಎಪ್ಪತ್ತಮೂರನ್ನು ಹಾರಿಸಿದ ಮಾವನನ್ನು ಹೆಡ್‌ಮೇಡಂ ಎಪ್ಪತ್ತರಿಂದ ಮತ್ತೆ ಎಣಿಸಲು ಹೇಳಿದರು. ನೂರಕ್ಕೆ ಹೊಳಪಿ ಮರದ ಸುತ್ತಿಗೆಯಿಂದ ಒಂದೇ ಪೆಟ್ಟು ಕೊಟ್ಟಳು.

ಟಕ್ಕೆಂದಿತು. ತುಂಬಿದ ಅರಗು ಅಖಂಡವಾಗಿ ಎದ್ದು ಮಾವನ ಭುಜದ ಮೇಲಿಂದ ಹಾರಿ ಎಲ್ಲೋ ಬಿತ್ತು. ಅದನ್ನು ಹುಡುಕಲು ಡಾಕ್ಟರು ಬಿಳಿ ಕೋಟಿನ ಸಮೇತ ಮರದ ಪುಡಿಯಲ್ಲಿ ಮೊಣಕಾಲೂರಿದರು. ಅಜ್ಜಿಗೆ ಅದರ ಪರಿವೆಯಿರಲಿಲ್ಲ. ಹೆಬ್ಬೆರಳು ತುಟಿಯ ಮೇಲೆ ಜಾರಿ ಕುಳಿಯಲ್ಲಿ ಕೂತಿತು, ತೋರುಬೆರಳು ಮೇಲೆದ್ದು ತಿರುಪಿನ ಮೇಲೆ ನಿಂತಿತು.

"ಹೌದು. ಇದೇ ನಂದು."

ಹೊಳಪಿ ಮಾವನ ಜೇಬು ನೋಡಿದಳು. ಮಾವ ಮೇಲೆ ನೋಡಿದರು. ಅಷ್ಟರಲ್ಲಿ ಬೆಂಚಿನ ಅಡಿಯಿಂದ ಡಾಕ್ಟರ ದನಿ ಬಂತು, ಕ್ಲಿನಿಕ್ಕಿನ ದನಿ.

"ಇದು ನನ್ನ ಹಲ್ಲಲ್ಲ."

ಕೈಯಲ್ಲಿ ಅರಗಿನ ತುಂಡು ಹಿಡಿದು ಹೊರಬಂದು ಕಿಟಕಿಯ ಬೆಳಕಿಗೆ ಒಡ್ಡಿದರು. ಕುಳಿಗೆ ತುಂಬಿದ ಅರಗು ಕುಳಿಯ ಅಚ್ಚು ತೆಗೆದುಕೊಂಡು, ಅದರ ಹೊಟ್ಟೆಯ ಮೇಲೆ ಸಣ್ಣ ಸಣ್ಣ ಹಲ್ಲುಗಳು ಮೂಡಿದ್ದವು. ಅರ್ಧ ಶತಮಾನ ಅವರು ಆ ಗುರುತನ್ನು ತಿರುಗಿಯೂ ನೋಡಿರಲಿಲ್ಲ. ನಿತ್ಯ ಪರರ ಹಲ್ಲು ನೋಡಿಯೇ ಬದುಕಿದವರು. "ಮೇಲಿನ ದವಡೆ. ಐದು ಹಲ್ಲು. ಮುಂದಿನ ಎರಡರಲ್ಲಿ ಒಂದು ಇಲ್ಲ, ಬಿದ್ದುಹೋಗಿದೆ. ಆ ಹಲ್ಲು ಬೀಳೋದು ಆರೇಳು ವರ್ಷಕ್ಕೆ. ನಂಗಾಗ ಮೂರು. ಮೂರಕ್ಕೆ ಎಲ್ಲಾ ಹಲ್ಲೂ ಇರುತ್ತೆ."

ಹೆಡ್‌ಮೇಡಂ ಕೈಚೀಲದಲ್ಲಿ ಏನನ್ನೋ ಬಹಳ ಆಸ್ಥೆಯಿಂದ ಹುಡುಕತೊಡಗಿದರು. ಕಣ್ಣು ಕಾಣದ ಅಜ್ಜಿಯ ಮುಖ ಮೆಲ್ಲಗೆ ತಿರುಗಿ, ಗುರಿಯಿಟ್ಟ ಹಾಗೆ ಆ ಕೈಚೀಲದ ಎದುರಿಗೇ ನಿಂತಿತು.

"ನಿಂಗಾಗ ಏಳು" ಎಂದರು.

ಹೆಡ್‌ಮೇಡಂ ಚೀಲ ಮುಚ್ಚಿದರು. ಬೆನ್ನು ನೆಟ್ಟಗೆ ಮಾಡಿ, ತರಗತಿಯಲ್ಲಿ ಎದ್ದು ನಿಂತವರಂತೆ ನಿಂತರು. "ರೇಡಿಯೊ ಒಳಗಿದ್ದೋರನ್ನ ನಿಮ್ಮ ಹೆಸರೇನು ಅಂತ ಮೂರು ಸಲ ಕೇಳ್ದೆ. ಉತ್ತರ ಕೊಡಲಿಲ್ಲ. ಅದಕ್ಕೇ ಕಚ್ಚಿದೆ."

"ಐವತ್ತು ವರ್ಷ, ಅಕ್ಕ."

"ಐವತ್ತೊಂದು" ಎಂದು ಅಕ್ಕ ತಿದ್ದಿದರು.

ನಗು ಶುರುವಾದದ್ದು ಅಜ್ಜಿಯಿಂದ. ಮೊದಲು ಭುಜ ಮಾತ್ರ ಕುಲುಕಿತು. ಆಮೇಲೆ ಸ್ಟೂಲು ಕುಲುಕಿತು, ಬೀಳದಂತೆ ರೇಡಿಯೊವನ್ನೇ ಹಿಡಿದುಕೊಂಡರು. ಡಾಕ್ಟರು ನಗುತ್ತಾ ಮರದ ಪುಡಿಯಲ್ಲೇ ಕೂತರು. ಮಾವ ನಗುವ ಮೊದಲು ಕಟ್ಟಿಸಿದ ಹಲ್ಲುಸೆಟ್ಟನ್ನು ಕೈಯಿಂದ ಒತ್ತಿಹಿಡಿದುಕೊಂಡರು. ಅದನ್ನು ನೋಡಿ ಹೆಡ್‌ಮೇಡಂ, ತಡೆಯಲು ಎಷ್ಟು ಹೆಣಗಿದರೂ ಆಗದೆ, ಮೂಗಿನಿಂದ ಒಂದು ಸದ್ದು ಹೊರಡಿಸಿದರು; ಅಲ್ಲಿಗೆ ಎಲ್ಲರ ಕಟ್ಟೆ ಒಡೆಯಿತು. ಡಾಕ್ಟರನ್ನು ಹುಡುಕಿಕೊಂಡು, ಎದೆಗೆ ಕಟ್ಟಿದ ಟವೆಲ್ ಸಮೇತ ಬಂದ ಕ್ಲಿನಿಕ್ಕಿನ ರೋಗಿ ಬಾಗಿಲಲ್ಲಿ ನಿಂತು, ಏನೆಂದು ತಿಳಿಯದಿದ್ದರೂ ತನಗೆ ಸಾಧ್ಯವಿದ್ದ ಅರ್ಧ ಬಾಯಲ್ಲಿ ನಕ್ಕರು.

ಉಸಿರು ಬಂದ ಮೇಲೆ ಡಾಕ್ಟರು ಅಮ್ಮನ ಮುಂದೆ ಒಂದು ಬೇಡಿಕೆಯಿಟ್ಟರು. ಇನ್ನು ಮೇಲಾದರೂ ಇಲಿ ಎಂಬ ಹೆಸರು ಯಾರದೋ ಅವರಿಗೇ ಹೋಗಲಿ.

"ಆಗಲ್ಲಪ್ಪ" ಎಂದರು ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ. "ಈ ವಯಸ್ಸಲ್ಲಿ ಅವಳಿಗೆ ಹೊಸ ಹೆಸರು ಒಗ್ಗಲ್ಲ. ನಿಂಗೆ ಅಭ್ಯಾಸ ಆಗಿದೆ."

ಆಮೇಲೆ ಹೊಳಪಿಯನ್ನು ಹತ್ತಿರ ಕರೆದು ಅವಳ ಕೈ ಹಿಡಿದರು. ಅಂಗೈಯ ಅರಗಿನ ಜಿಗುಟನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಮಾವನಿಗೆ ಹೇಳಿದರು, ಈ ಹುಡುಗಿ ಮುಚ್ಚದೆ ಇದ್ದಿದ್ದರೆ ಈ ಗುಟ್ಟು ನನ್ನ ಕಾಲಕ್ಕೆ ಹೊರಗೇ ಬರುತ್ತಿರಲಿಲ್ಲ ಎಂದು. ಮಾವ ತಮ್ಮ ಕಟ್ಟಳೆಯನ್ನು ಸುಲಭಕ್ಕೆ ಬಿಡುವವರಲ್ಲ. ಒಂದು ಸಲ ಅಲ್ಲ ಅಂದಿರಿ, ಒಂದು ಸಲ ಹೌದು ಅಂದಿರಿ, ಲೆಕ್ಕ ಸಮವಾಯಿತಲ್ಲ ಎಂದು ಗೊಣಗಿದರು.

"ಹಾಗಾದ್ರೆ ಇನ್ನೊಂದ್ಸಲ ಅಂತೀನಿ, ಕೇಳಿಸ್ಕೊಳ್ಳಿ. ಇದೇ ನಂದು."

ಪೆನ್ಸಿಲ್ ಒಳಜೇಬಿನಿಂದ ಹೊರಬಂತು. ಹೊಳಪಿ ರೇಡಿಯೊದ ಹಿಂಬದಿಯ ಹಲಗೆ ಬಿಚ್ಚಿದಳು. ಒಳಗೆ ಮೂಲೆಯಲ್ಲಿ ಪೆಟ್ಟಿಗೆ ಮಾಡಿದ ಬಡಗಿಯ ಹೆಸರು ಮಾಸಿಕೊಂಡು ಕೂತಿತ್ತು. ನಾಲ್ಕು ವರ್ಷ ಕಾದದ್ದು ಈ ಒಂದು ಗೆರೆಗೆ. ಆದರೆ ಬರೆಯಲು ಬಾಗಿದವಳು ನೆಟ್ಟಗಾಗಿ, ಪೆನ್ಸಿಲ್ಲನ್ನು ಹೆಡ್‌ಮೇಡಂ ಕಡೆ ಚಾಚಿದಳು. "ಮೊದಲು ನೀವು, ಮೇಡಂ. ನಿಮ್ಮ ಕೆಲಸ ನನ್ನದಕ್ಕಿಂತ ಹಳೇದು."

ಹೆಡ್‌ಮೇಡಂ ಹಿಂದೆಮುಂದೆ ನೋಡಲಿಲ್ಲ. ಬಡಗಿಯ ಹೆಸರಿನ ಕೆಳಗೆ, ಕರಿಹಲಗೆಯ ದುಂಡು ಅಕ್ಷರದಲ್ಲಿ, 'ಕಚ್ಚಿದ್ದು ನಾನು' ಎಂದು ಬರೆದು ದಿನಾಂಕ ಹಾಕಿದರು. ಇವತ್ತಿನದಲ್ಲ, ಐವತ್ತೊಂದು ವರ್ಷ ಹಿಂದಿನದು. ತಾರೀಖು ಸಮೇತ ನೆನಪಿತ್ತು.

ಅದರ ಕೆಳಗೆ ಹೊಳಪಿ ತನ್ನ ಹೆಸರು ಬರೆದಳು. ಅಡ್ಡಹೆಸರಲ್ಲ, ನಿಜವಾದದ್ದು. ನಗು ಇನ್ನೂ ಕೈಯಲ್ಲಿದ್ದುದರಿಂದ ಕೊನೆಯ ಅಕ್ಷರ ಜಾರಿ, ಪಕ್ಕದಲ್ಲಿ ಬೂದು ಬಣ್ಣದ ಕಲೆಯಾಯಿತು. ಅವಳ ಕೈ ತಾನಾಗಿ ಒರೆಸುವ ಬಟ್ಟೆಯ ಕಡೆ ಹೋಯಿತು. ಮಾವ ಮಣಿಕಟ್ಟು ಹಿಡಿದರು.

"ಅದು ಇರಲೋ, ಹೋಗಲೋ?" ಎಂದರು.

ಹೊಳಪಿ ಕಲೆಯನ್ನು ನೋಡಿದಳು. ಬೆರಳು ತುರಿಸುತ್ತಲೇ ಇತ್ತು.

"ಇರಲಿ ಮಾವ" ಎಂದು ಹಲಗೆ ಮುಚ್ಚಿದಳು.