ಪೋಸ್ಟರಿನ ಕೆಳಗಿನ ಪೋಸ್ಟರು

ಅತಿ ಚೊಕ್ಕ ಮಾಡಲು ಹೋಗಿ ಸೊಸೆ ಮನೆಗೇ ಕುತ್ತು ತಂದುಕೊಂಡಳು. ಗೋಡೆ ತಪಾಸಣೆಯವನು ಬೀದಿಗೆ ಬಂದಿದ್ದಾನೆಂದು ಕೇಳಿದ್ದೇ ತಡ, ಒದ್ದೆ ಬಟ್ಟೆ ಹಿಡಿದು ನಡುಮನೆಯ ಪೋಸ್ಟರನ್ನು ತಿಕ್ಕಿ ತಿಕ್ಕಿ ಒರೆಸಿದಳು. ರೆಕ್ಕೆಹುಲಿಯ ಮೇಲೆ ಕೂತ ಚಕ್ರವರ್ತಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ನಾನಿದ್ದೇನೆ, ನಿಮಗೇಕೆ ಭಯ?’ ಪ್ರತಿ ಮನೆಯಲ್ಲೂ ಅದು ಇರಲೇಬೇಕು. ಮಾಸಿದ್ದರೂ ತಪ್ಪು, ಹರಿದಿದ್ದರೂ ತಪ್ಪು. ಒರೆಸುತ್ತಿದ್ದಂತೆ ಹಿಟ್ಟಿನ ಅಂಟು ನೆನೆದು, ಚಕ್ರವರ್ತಿ ಹುಲಿಸಮೇತ ಜಾರಿ ಅವಳ ಕೈಗೇ ಬಂದ.

ಅದರಡಿಯ ಇನ್ನೊಂದು ಪೋಸ್ಟರಿನಲ್ಲಿದ್ದವನನ್ನು ಕಂಡು ಅವಳ ಜೀವ ಬಾಯಿಗೆ ಬಂತು. ಹಳೆಯ ಚಕ್ರವರ್ತಿ! ಕೊಂಬಿನ ಕುದುರೆ ಏರಿದ್ದ. ಕೆಳಗೆ ಅದೇ ‘ನಾನಿದ್ದೇನೆ, ನಿಮಗೇಕೆ ಭಯ?’ ಪ್ರಾಣಿ ಬದಲಾಗಿತ್ತು, ಮಾತು ಬದಲಾಗಿರಲಿಲ್ಲ. ಅವನನ್ನು ಇಳಿಸಿಯೇ ಈ ಹುಲಿಸವಾರ ಸಿಂಹಾಸನ ಏರಿದ್ದು. ಅವನ ಚಿತ್ರಗಳನ್ನೆಲ್ಲ ಕೆರೆದು ಸುಡಬೇಕೆಂದು ಅಪ್ಪಣೆಯಾಗಿತ್ತು. ಸುಡದೆ ಇಟ್ಟುಕೊಂಡಿದ್ದ ಪಕ್ಕದ ಮನೆಯ ದರ್ಜಿಯನ್ನು ಗಾಡಿಗೆ ಹತ್ತಿಸಿದ್ದನ್ನು ಎಲ್ಲರೂ ಕಂಡಿದ್ದರು, ಇಳಿಸಿದ್ದನ್ನು ಯಾರೂ ಕಂಡಿರಲಿಲ್ಲ.

“ಅಯ್ಯೋ ಅತ್ತೆ, ನೀವು ಇದನ್ನ ಕೆರೆದೇ ಇರ್ಲಿಲ್ವಾ?”

“ಕೆರೆದಿದ್ರೆ ಗಾರೆಯೂ ಕಿತ್ಕೊಂಡು ಬರ್ತಿತ್ತು. ಮೆತ್ತೋಕೆ ನಿಮ್ಮಪ್ಪ ಬರ್ತಿದ್ನಾ? ಮೇಲೇ ಅಂಟಿಸ್ದೆ. ಮೊದ್ಲು ಅಂಟು ಕಲಸೇ, ಆಮೇಲೆ ಬೈಯುವೆಯಂತೆ.”

ಕಲಸಿದಳು, ಬಳಿದಳು, ಒತ್ತಿದಳು. ಒದ್ದೆ ಗೋಡೆಗೆ ಯಾವ ಅಂಟು ನಿಲ್ಲುತ್ತದೆ? ಬಾಗಿಲು ಬಡಿದ ಸದ್ದಾಯಿತು. ಸೊಸೆ ಚಕ್ರವರ್ತಿಗೆ ಬೆನ್ನು ಒತ್ತಿ ನಿಂತಳು. ಅತ್ತೆ ಹೋಗಿ ಬಾಗಿಲು ತೆಗೆದಳು. ತಪಾಸಣೆಯವನು ನರೆತ ಮೀಸೆಯವನು, ನೆಟ್ಟ ಕಂಬದ ಹಾಗೆ ನಡೆದು ಬಂದ.

“ಸರ್ಕೊಳ್ಳಮ್ಮ.”

“ತಲೆ ಸುತ್ತುತ್ತಿದೆ ಸ್ವಾಮಿ, ಸ್ವಲ್ಪ ಒರಗಿದ್ದೀನಿ.”

“ನಾನು ಬಂದಿರೋದೇ ಗೋಡೆ ನೋಡೋಕೆ. ಸರ್ಕೊ.”

ಸೊಸೆ ಸರಿದಳು. ಪೋಸ್ಟರು ಒಂದು ಉಸಿರಿನಷ್ಟು ನಿಂತು, ನಿಧಾನಕ್ಕೆ ಜಾರಿ ಅವಳ ಕಾಲಬಳಿ ಮುದುಡಿತು.

ಹಳೆಯ ಚಕ್ರವರ್ತಿಯ ಮುಖ ಕಂಡದ್ದೇ ತಪಾಸಣೆಯವನ ಹಿಮ್ಮಡಿಗಳು ಟಪ್ಪನೆ ಕೂಡಿಕೊಂಡವು, ಬಲಗೈ ಹಣೆಗೆ ಹಾರಿತು. ಹಳಬನ ಅರಮನೆ ಕಾವಲಿನಲ್ಲೇ ತಲೆ ನರೆತವನು. ಸಲಾಮು ಹೊಡೆಯುವಾಗ ಕೈ ಬುದ್ಧಿಯನ್ನು ಕೇಳಲಿಲ್ಲ. ಮರುಕ್ಷಣ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಓಹೋ, ನೀವೂ ಅವನ ಕಡೆಯವ್ರೇನಪ್ಪಾ!” ಅತ್ತೆ ಎದೆಯ ಮೇಲೆ ಕೈಯಿಟ್ಟು ನಕ್ಕಳು. “ಹಾಗಾದ್ರೆ ಬದುಕಿದ್ವಿ.”

ಸೊಸೆಗೂ ಹೋದ ಜೀವ ಬಂದಂತಾಯಿತು. ಆಮೇಲೆ ಅವನ ಕಣ್ಣು ನೋಡಿದಳು. ತನಗಿಂತ ಹೆಚ್ಚು ಅವನು ಹೆದರಿದ್ದ. ಆ ಸಲಾಮನ್ನು ಕಂಡವರು ತಾವಿಬ್ಬರೇ ಎಂಬುದು ಅವಳಿಗೆ ಹೊಳೆಯಿತು.

ಅವನು ಮೆಲ್ಲಗೆ ಕೈ ಇಳಿಸಿದ.

“ಮನೇಲಿ ಇನ್ಯಾರಿದ್ದಾರೆ, ತಾಯಿ?”

“ಯಾರಿದ್ದಾರಪ್ಪ? ಮಗ ದಂಡಿಗೆ ಹೋಗಿದ್ದಾನೆ. ನಾವಿಬ್ರೇ.”

ಸೊಸೆ ಅತ್ತೆಯ ಬಾಯಿ ಮುಚ್ಚಲು ಓಡುವಷ್ಟರಲ್ಲಿ ಮಾತು ಹೊರಬಿದ್ದಿತ್ತು. ತಪಾಸಣೆಯವನು ಹಿಂದಕ್ಕೆ ಕೈ ಚಾಚಿ ಬಾಗಿಲಿನ ಚಿಲಕ ಹಾಕಿದ.