ಸೊಣ್ಣಪ್ಪನವರು ಸ್ವಾಗತಿಸಿದ ಹೊಸಬರು

ಕಂಪ್ಯೂಟರಿನ ಪರದೆಯ ಮೇಲೆ ಮೂಡಿದ ಪ್ರತಿಯೊಂದು ಸಾಲನ್ನೂ ಸೊಣ್ಣಪ್ಪನವರು ಗಟ್ಟಿಯಾಗಿ ಪಾರಾಯಣ ಮಾಡುತ್ತಿದ್ದರು. ಜಾಲಹಳ್ಳಿಯ ಕಾರ್ಖಾನೆಯಿಂದ ನಿವೃತ್ತರಾಗಿ ಯಲಹಂಕದ ಮನೆಯ ಮಹಡಿಕೋಣೆ ಸೇರಿದ್ದ ಈ ವೃದ್ಧರು ಏಪ್ರಿಲ್ ಬಿಸಿಲಿನಲ್ಲೂ ಕಂದು ಸ್ವೆಟರ್ ಬಿಡದೆ, ತುಂಬಿದ ಬಿಂದಿಗೆ ಹೊತ್ತವರಂತೆ ಮೈ ಅಲುಗಿಸದೆ ನಡೆಯುತ್ತ, ಯಾವ ಪ್ರಶ್ನೆಗೂ ಮೊದಲು “ನೋಡಾನ” ಎಂದೇ ಉತ್ತರಿಸುತ್ತಿದ್ದರು.

ಕನ್ನಡದ ಅಕ್ಷರದೋಷ ಹಿಡಿಯುವ ‘ಒತ್ತಕ್ಷರ’ ಎಂಬ ಮುಕ್ತ ತಂತ್ರಾಂಶ ಅವರ ಪಾಲನೆಯಲ್ಲಿತ್ತು. ಅದಕ್ಕೆ ಯಾರು ಬೇಕಾದರೂ ಹೊಸ ಪದ, ತಿದ್ದುಪಡಿ ಕಳಿಸಬಹುದು. ಆದರೆ ಅವನ್ನು ಮೂಲಕ್ಕೆ ಸೇರಿಸುವ ಹಕ್ಕು ‘ಕಮಿಟ್ಟರ್’ ಎನಿಸಿಕೊಂಡ ನಾಲ್ವರಿಗೆ ಮಾತ್ರ. ಆ ನಾಲ್ವರಲ್ಲಿ ಒಬ್ಬರು ಸೊಣ್ಣಪ್ಪನವರೇ, ಇನ್ನೊಬ್ಬ ಅವರ ಜೀವದ ಗೆಳೆಯ ಬಾಗಲಗುಂಟೆಯ ಅತಾವುಲ್ಲಾ. ಭೇಟಿಯಾದದ್ದು ಎರಡೇ ಸಲ. ಎದುರು ಕೂತರೆ ಆತ ಮಹಾಮೌನಿ. ಆದರೆ ಆರು ವರ್ಷ ಬಂದ ಪತ್ರಗಳಲ್ಲಿ ಪ್ರತಿ ಪದದ ಜೊತೆಗೂ ಒಂದು ತುಂಟ ವಾಕ್ಯ: ‘ತೂಕಡಿಕೆ: ನಿದ್ದೆಯ ಮುಂಗಡ.’ 2014ರಲ್ಲಿ ಆತ ಹೃದಯಾಘಾತದಿಂದ ತೀರಿಕೊಂಡಾಗ ಸೊಣ್ಣಪ್ಪನವರು ಮಣ್ಣಿಗೆ ಹೋಗಿಬಂದು, ವಾರಗಟ್ಟಲೆ ಯಂತ್ರವನ್ನೇ ಮುಟ್ಟಲಿಲ್ಲ.

ಐದು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಪರಿಚಿತ ಇ-ಮೇಲ್ ವಿಳಾಸದಿಂದ ತಿದ್ದುಪಡಿಗಳು ಬರತೊಡಗಿದವು. ಕೆಳಗೆ ‘ಎಫ್’ ಎಂಬ ಒಂದಕ್ಷರದ ಸಹಿ. ಎಂದಿನಂತೆ ಗಟ್ಟಿಯಾಗಿ ಓದಿದರು: ‘ಬಿಕ್ಕಳಿಕೆ: ಯಾರೋ ನೆನೆಸಿಕೊಂಡರೆ ಬರುವುದು. ನಿಮಗೂ ಬಂತೇ?’

ಆ ಗಳಿಗೆಯಲ್ಲಿ ಅವರು ಅತಾವುಲ್ಲಾನನ್ನೇ ನೆನೆಯುತ್ತಿದ್ದರು. ಸತ್ತವನ ಮಾತು ತಮ್ಮದೇ ಗಂಟಲಿನಿಂದ ಹೊರಬಿದ್ದಂತಾಗಿ, ಬಾಯಿಯ ಮೇಲೆ ಕೈಯಿಟ್ಟುಕೊಂಡು ಖಾಲಿ ಕೋಣೆಯನ್ನು ದಿಟ್ಟಿಸಿದರಂತೆ.

ತಿದ್ದುಪಡಿಗಳು ನಿಲ್ಲಲಿಲ್ಲ, ಒಂದರಲ್ಲೂ ತಪ್ಪಿರಲಿಲ್ಲ. ಉಳಿದಿಬ್ಬರು ಕಮಿಟ್ಟರುಗಳು ಈ ‘ಎಫ್’ಗೂ ಹಕ್ಕು ಕೊಡೋಣವೆಂದರು. ಹೊಸಬರನ್ನು ಕಣ್ಣಾರೆ ಕಂಡೇ ಕೊಡುವುದು ಸೊಣ್ಣಪ್ಪನವರ ಹಠ. ಮನೆಯ ವಿಳಾಸ ಕೇಳಿದರು. ಬಂದದ್ದು ಅತಾವುಲ್ಲಾನ ಮನೆಯ ಬಾಗಿಲ ನಂಬರು.

ಎರಡು ದಿನ ಅಂಜಿ, ಮೂರನೆಯ ದಿನ ಹೋದರು. ಬಾಗಿಲು ತೆರೆದವರು ಅತಾವುಲ್ಲಾನ ತಂಗಿ ಫಖ್ರುನ್ನೀಸಾ, ಕನ್ನಡ ಶಾಲೆಯ ಟೀಚರು. ನೀರು ಕೊಟ್ಟು ಆಕೆ ಹೇಳಿದರು:

“ನಮ್ಮಣ್ಣ ಓದಿದ್ದೆಲ್ಲ ಉರ್ದೂಲಿ ಸಾರ್. ಪ್ರೋಗ್ರಾಂ ಬರೀತಿದ್ದದ್ದು ಮಾತ್ರ ಅವರು. ಕನ್ನಡ ಓದೋಕೆ ಬರ್ತಿರ್ಲಿಲ್ಲ.”

“ಅಂಗಾದ್ರೆ ಆರು ವರ್ಷ ನಂಗೆ ಬರೀತಿದ್ದೋರು?”

“ನಾನೇ. ಮೊದಲ್ನೇ ಸಲ ಅವರ ಹೆಸರಲ್ಲಿ ಕಳಿಸಿದ್ವಿ. ನೀವು ‘ತಮ್ಮಾ’ ಅಂತ ಬರೆಯೋಕೆ ಶುರು ಮಾಡಿದ್ರಿ. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ.”

ಸೊಣ್ಣಪ್ಪನವರು ಲೋಟವನ್ನು ಕೆಳಗಿಟ್ಟರು. ತಾವು ಮಣ್ಣುಮಾಡಿ ಬಂದ ಗೆಳೆಯ ಎದುರಿಗೆ ಕೂತು ಉಸಿರಾಡುತ್ತಿದ್ದಾನೆ. ಆ ಮಣ್ಣಿನಡಿ ಮಲಗಿರುವವನ ಪರಿಚಯವೇ ತಮಗಿಲ್ಲ. ಮೋಸಹೋದೆನೆಂಬ ಸಿಟ್ಟೋ, ಹೋದವರು ಮರಳಿದರೆಂಬ ಭಯವೋ, ಸಂತೋಷವೋ, ತಿಳಿಯದೆ, “ಯೋಳ್ಬೇಕಿತ್ತು ತಾಯಿ. ನಾನು ಎಷ್ಟು ಅತ್ತೆ ಗೊತ್ತಾ?” ಎಂದು ಎದ್ದುಬಂದರು.

ಮರುದಿನ ಎಲ್ಲರಿಗೂ ಪತ್ರ ಬರೆದರು: ‘ಫಖ್ರುನ್ನೀಸಾ ಅವರನ್ನು ಕಮಿಟ್ಟರ್ ಆಗಿ ಸ್ವಾಗತಿಸುತ್ತೇವೆ. ಇವರು ಆರು ವರ್ಷದಿಂದ ನಮ್ಮೊಡನಿದ್ದಾರೆ. ಗುರುತಿಸದ ತಪ್ಪು ನನ್ನದು.’

ಅಂದಿನಿಂದ ಅತಾವುಲ್ಲಾನ ಮುಖ ಎಷ್ಟು ಯತ್ನಿಸಿದರೂ ನೆನಪಿಗೆ ಬರುತ್ತಿಲ್ಲವೆಂದು ಒಮ್ಮೆ ನನ್ನಲ್ಲಿ ತಗ್ಗಿದ ದನಿಯಲ್ಲಿ ಹೇಳಿದ್ದರು. ಸೊಣ್ಣಪ್ಪನವರಂಥವರು ವಾಕ್ಯವೊಂದನ್ನು ಮನಸಾರೆ ಪ್ರೀತಿಸಿ, ಕೈಗೆ ಸಿಕ್ಕ ಹೆಸರನ್ನು ಅದಕ್ಕೆ ತೊಡಿಸಿಬಿಡುತ್ತಾರೆ. ಹೆಸರು ಸತ್ತಾಗ ಅಳುತ್ತಾರೆ. ಆ ವಾಕ್ಯವೇ ಮತ್ತೆ ಬಂದು ಕರೆದಾಗ ಭೀತಿಯಿಂದ ಬೆವರುತ್ತಾರೆ, ಆದರೂ ಎದ್ದು ಹೋಗಿ ಅದು ಯಾರೆಂದು ನೋಡದೆ ಇರಲಾರರು.