ಹನ್ನೆರಡು ಹೆಜ್ಜೆ

ಅಣ್ಣ ಸತ್ತ ಎಂಟನೆಯ ದಿನ ಬೆಳಗ್ಗೆ ಸೋದರಮಾವ ಬಂದವನು ಚಪ್ಪಲಿ ಬಿಡುವ ಮೊದಲೇ ದೇವರ ಹೆಸರೆತ್ತಿದ. ಎಲ್ಲ ಅವನಿಗೆ ಮೊದಲೇ ಗೊತ್ತಿತ್ತು, ಹುಟ್ಟುವಾಗಲೇ ದಿನ, ಗಳಿಗೆ ಬರೆದಿಟ್ಟಿದ್ದ, ತಪ್ಪಿಸುವುದಕ್ಕೆ ನಾವ್ಯಾರು ಎಂದ. ಎಂಟು ದಿನದಿಂದಲೂ ಇದೇ ರಾಗ. ಅಮ್ಮ ಗೋಡೆಗೊರಗಿ ಕೂತು, ಎಲ್ಲ ದೇವರಿಚ್ಛೆ ಎಂದು ಹೂಂಗುಟ್ಟಿದಳು. ಅಡುಗೆಮನೆಯಲ್ಲಿದ್ದ ಮಗಳಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಅಣ್ಣ, ಮಾವ, ಅವಳು, ಮೂವರೂ ಒಂದೇ ಕಡೆ ದುಡಿಯುತ್ತಿದ್ದವರು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಮಾವ ಸೂಪರ್‌ವೈಸರ್, ಅಣ್ಣ ಒಗೆಯುವ ಯಂತ್ರದವನು, ಅವಳು ಇಸ್ತ್ರಿ ರೋಲರಿನವಳು. ಯಂತ್ರದ ಡ್ರಮ್ಮು ಆಳೆತ್ತರ. ಹರಕು ಬಟ್ಟೆ ಸಿಕ್ಕಿಕೊಂಡರೆ ಒಳಗೆ ಹೊಕ್ಕೇ ಬಿಡಿಸಬೇಕು. ಒಳಗೆ ಹೋಗುವವನು ಮೊದಲು ಮೇನ್ ಸ್ವಿಚ್ಚಿಗೆ ತನ್ನದೇ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಬೇಕು, ಹೊರಬಂದ ಮೇಲೆ ತಾನೇ ತೆಗೆಯಬೇಕು, ಬೇರೆ ಯಾರೂ ಮುಟ್ಟಕೂಡದು. ನಿಯಮವೇನೋ ಹಾಗಿತ್ತು. ಆದರೆ ಜನ ಬೀಗವನ್ನು ಅಲ್ಲೇ ಮರೆತು ಕೀಲಿ ಸಮೇತ ಮನೆ ಸೇರುತ್ತಿದ್ದರು, ಕೆಲಸ ನಿಲ್ಲುತ್ತಿತ್ತು. ಮಹಾ ಬುದ್ಧಿವಂತ ಮಾವ ಎಲ್ಲ ಬೀಗಗಳಿಗೂ ಇನ್ನೊಂದು ಕೀಲಿ ಮಾಡಿಸಿ ಬಿಸ್ಕತ್ ಡಬ್ಬಿಯಲ್ಲಿಟ್ಟುಕೊಂಡ. ಅದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಅನುಕೂಲವೇ ಆಗಿತ್ತು. ಅವಳೂ ಎರಡು ಸಲ ಆ ಡಬ್ಬಿಗೆ ಕೈಹಾಕಿದವಳೇ.

ಆ ದಿನ ಮೈಲಿಗೆ ಬಟ್ಟೆಯ ಗಾಡಿಗಳು ಬಾಗಿಲ ತನಕ ಸಾಲುಗಟ್ಟಿ ನಿಂತಿದ್ದವು. ಸ್ವಿಚ್ಚಿನ ಮೇಲೆ ಅಣ್ಣನ ಬೀಗ ನೇತಾಡುತ್ತಿತ್ತು. ಮಾವ ಡಬ್ಬಿಯ ಕೀಲಿ ಹಿಡಿದು, ಅವನು ಹೊರಗೆ ಬಂದನೇನೇ ಎಂದು ಕೂಗಿ ಕೇಳಿದ. ಅವಳು ರೋಲರಿನಿಂದ ತಲೆಯೆತ್ತದೆ, ಬಂದಿರ್ತಾನೆ ಎಂದುಬಿಟ್ಟಳು. ಮಾವ ಬೀಗ ತೆಗೆದು ಸ್ವಿಚ್ಚು ಹಾಕಿದ. ಅಣ್ಣ ಬಂದಿರಲಿಲ್ಲ.

ಈಗ ಹತ್ತು ಗಂಟೆಗೆ ವಿಚಾರಣೆಯ ಅಧಿಕಾರಿ ಮನೆಗೇ ಬರುವವನಿದ್ದ. ಮಾವ ನೀರಿನ ನೆಪದಲ್ಲಿ ಅಡುಗೆಮನೆಗೆ ನುಗ್ಗಿ ದನಿ ತಗ್ಗಿಸಿದ. ಅಣ್ಣ ಬೀಗ ಹಾಕೋದನ್ನೇ ಮರೆತಿದ್ದ ಅಂದುಬಿಡು, ನಾನೂ ಉಳಿಯುತ್ತೇನೆ, ನೀನೂ ಉಳಿಯುತ್ತೀಯ. ನೀನು ಅಂದ ಮಾತು ನಿಮ್ಮಮ್ಮನ ಕಿವಿಗೆ ಬೀಳುವುದೇ ಬೇಡ ಎಂದ.

ಹದಿನಾಲ್ಕು ವರ್ಷ ಬೀಗ ಹಾಕದೆ ಒಂದು ದಿನವೂ ಒಳಗೆ ಕಾಲಿಟ್ಟವನಲ್ಲ ಅಣ್ಣ. ತಪ್ಪನ್ನು ಸತ್ತವನ ತಲೆಗೇ ಕಟ್ಟಲು ಹೊರಟಿದ್ದಾನಲ್ಲ ಎಂದು ಅವಳು ಹಲ್ಲು ಕಚ್ಚಿದಳು.

"ಬೀಗ ಇದ್ರೇನು, ಇಲ್ದಿದ್ರೇನು? ಅವನು ಹೋಗೋದು ದೇವರಿಗೆ ಮೊದಲೇ ಗೊತ್ತಿತ್ತು," ಎಂದ ಮಾವ.

"ನಾನಿವತ್ತು ಏನು ಹೇಳ್ತೀನಿ ಅನ್ನೋದೂ ಅವನಿಗೆ ಗೊತ್ತಿರಬೇಕಲ್ಲ ಮಾವ. ಮತ್ತೆ ನೀನ್ಯಾಕೆ ಬೆಳಗ್ಗೆನೇ ಓಡಿಬಂದೆ?"

ಮಾವ ಲೋಟ ಕುಕ್ಕಿ, ನಿನ್ನ ಹಣೆಬರಹ ಎಂದು ಗೊಣಗಿ ಹೊರಗೆ ಹೋಗಿ ಕೂತ. ಅದನ್ನೂ ಹಣೆಯ ಮೇಲೇ ಹಾಕಿದ ಪುಣ್ಯಾತ್ಮ.

ಅವಳ ಸಿಟ್ಟೆಲ್ಲ ಮಾವನ ಮೇಲಿನದೇ ಆಗಿರಲಿಲ್ಲ. ಈ ಎಂಟು ದಿನದಲ್ಲಿ ಎಷ್ಟೋ ಸಲ ಅವನ ಮಾತು ಅವಳಿಗೂ ರುಚಿಸಿತ್ತು. ಎಲ್ಲವೂ ಬರೆದಿಟ್ಟದ್ದೇ ಆದರೆ, ಬಂದಿರ್ತಾನೆ ಎಂಬ ಮಾತನ್ನೂ ದೇವರೇ ಬರೆದಿಟ್ಟಿದ್ದ. ಅವಳದು ಬರೀ ಬಾಯಿ. ಹಾಗಂದುಕೊಂಡರೆ ಹಾಯಾಗಿ ನಿದ್ದೆ ಬಂದೀತು. ಅಂಥ ನಿದ್ದೆಗೆ ಬೆಂಕಿ ಬೀಳಲಿ ಎಂದುಕೊಂಡಳು.

ಅಧಿಕಾರಿ ಬಂದ. ಬೆನ್ನುನೋವಿನ ಮನುಷ್ಯ, ಎರಡು ಸಲ ಕುರ್ಚಿ ಬದಲಿಸಿ ಕೂತ. ಮಾವ ಕಣ್ಣೊರೆಸಿಕೊಳ್ಳುತ್ತ ತನ್ನ ಕಥೆ ಒಪ್ಪಿಸಿದ. ಅಧಿಕಾರಿ ಅವಳ ಕಡೆ ತಿರುಗಿದಾಗ ಅವಳು ಅಮ್ಮನನ್ನು ನೋಡಲಿಲ್ಲ. ನೋಡಿದ್ದರೆ ಮಾತು ಹೊರಡುತ್ತಿರಲಿಲ್ಲ.

"ಬೀಗ ಇತ್ತು. ಇವರು ಡಬ್ಬಿಯಲ್ಲಿದ್ದ ಇನ್ನೊಂದು ಕೀಲಿಯಿಂದ ಅದನ್ನ ತೆಗೆದ್ರು. ತೆಗೆಯೋ ಮುಂಚೆ ಅವನು ಹೊರಗೆ ಬಂದನಾ ಅಂತ ನನ್ನ ಕೇಳಿದ್ರು. ನಾನು ನೋಡದೇನೇ ಬಂದಿರ್ತಾನೆ ಅಂದೆ. ನನ್ನ ರೋಲರಿನಿಂದ ಡ್ರಮ್ಮಿಗೆ ಹನ್ನೆರಡು ಹೆಜ್ಜೆ. ಮಾರನೇ ದಿನ ಹೋಗಿ ಎಣಿಸಿದೀನಿ."

ಮಾವ ಏನೋ ಹೇಳಲು ಎದ್ದ. ಅಧಿಕಾರಿ ಕೈ ಅಡ್ಡ ಹಿಡಿದು ಬರೆಯುತ್ತಲೇ ಹೋದ, ಸಹಿ ಹಾಕಿಸಿಕೊಂಡ. ಇಬ್ಬರೂ ಹೊರಟ ಮೇಲೆ ಮನೆಯಲ್ಲಿ ತಾಯಿ, ಮಗಳು ಉಳಿದರು.

ಅಮ್ಮ ಗೋಡೆ ಬಿಟ್ಟು ನೆಟ್ಟಗೆ ಕೂತಿದ್ದಳು. ಎಂಟು ದಿನದಲ್ಲಿ ಮೊದಲ ಸಲ ಅವಳು ದೇವರ ಹೆಸರೆತ್ತಲಿಲ್ಲ.

"ಹೋಗಿ ನೋಡೋಕಾಗ್ತಿತ್ತೇನೇ?"

ಇಲ್ಲ ಎನ್ನಬಹುದಿತ್ತು. ಗಾಡಿಗಳ ಸಾಲು, ಸದ್ದು, ರೋಲರು, ನೆಪಗಳಿಗೇನು ಬರವಿರಲಿಲ್ಲ. ಅಮ್ಮನ ಕಣ್ಣೂ ಅದನ್ನೇ ಬೇಡುತ್ತಿತ್ತು.

"ಆಗ್ತಿತ್ತಮ್ಮ," ಎಂದಳು.